ತಿಂಗಳಿಗೊಮ್ಮೆ ಕೀಲು ಎಣಿಸಿದ ಗ್ಲಾಸ್ಗೋ

2004ರ ಜುಲೈಯಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಏಳು ಪುಟಗಳ ಒಂದು ಸಂಶೋಧನಾ ಲೇಖನ ಅಚ್ಚಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಎರಡು ಬೋಧನಾ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ಬರುತ್ತಿದ್ದ 110 ಮಂದಿ ರುಮಟಾಯ್ಡ್ ಸಂಧಿವಾತದ ರೋಗಿಗಳ ಒಂದೂವರೆ ವರ್ಷದ ಲೆಕ್ಕ ಅದರಲ್ಲಿತ್ತು. ಕ್ಯಾಟ್ರಿಯೋನಾ ಗ್ರಿಗರ್, ಹಿಲರಿ ಕೇಪೆಲ್, ಡಂಕನ್ ಪೋರ್ಟರ್ ಮತ್ತು ಸಂಗಡಿಗರು ನಡೆಸಿದ ಈ ಪ್ರಯೋಗಕ್ಕೆ ‘ಟಿಕೋರಾ’ ಎಂದು ಹೆಸರು. ಹೊಸ ಔಷಧದ ಸುದ್ದಿ ಅದರಲ್ಲಿ ಒಂದು ಸಾಲೂ ಇಲ್ಲ. ಬಳಸಿದ ಮದ್ದುಗಳೆಲ್ಲ ಆಗಲೇ ಹಳೆಯವು. ಆದರೂ ಹದಿನೆಂಟು ತಿಂಗಳು ಮುಗಿಯುವ ಹೊತ್ತಿಗೆ ಒಂದು ಗುಂಪಿನ 55 ಜನರಲ್ಲಿ 36 ಮಂದಿ, ಅಂದರೆ ಶೇ 65ರಷ್ಟು ಜನ, ರೆಮಿಷನ್ ಮುಟ್ಟಿದ್ದರು. ರೋಗ ಮೈಯಲ್ಲಿದ್ದರೂ ಅದರ ಹಾವಳಿ ನಿಂತಿದೆ ಎನ್ನುವ ಹಂತ ಅದು. ಇನ್ನೊಂದು ಗುಂಪಿನ 55 ಜನರಲ್ಲಿ ಆ ಹಂತ ಮುಟ್ಟಿದವರು 9 ಮಂದಿ, ಶೇ 16.

ಎರಡು ಗುಂಪಿಗೂ ಸಿಕ್ಕಿದ್ದು ಹೆಚ್ಚುಕಡಿಮೆ ಅವೇ ಮದ್ದುಗಳು. ಹಾಗಿದ್ದರೆ ಈ ಅಂತರ ಎಲ್ಲಿಂದ ಬಂತು?

ಇಪ್ಪತ್ತು ವರ್ಷ ದಾಟಿದ ಮೇಲೂ ಈ ಪ್ರಶ್ನೆಗೆ ಬೆಲೆಯಿದೆ. ಸಂಧಿವಾತದ ಚಿಕಿತ್ಸೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಹೊರಳುವುದು ಔಷಧದ ಹೆಸರಿನ ಕಡೆಗೆ. ಯಾವ ಮಾತ್ರೆ, ಯಾವ ಇಂಜೆಕ್ಷನ್, ಯಾವ ಊರಿನ ಪುಡಿ, ಎಷ್ಟು ಖರ್ಚು ಎಂಬುದೇ ಮಾತು. ಎಷ್ಟು ದಿನಕ್ಕೊಮ್ಮೆ ರೋಗಿಯನ್ನು ನೋಡಬೇಕು, ನೋಡಿದಾಗ ಏನನ್ನು ಅಳೆಯಬೇಕು, ಅಳತೆ ಸರಿಬಾರದಿದ್ದರೆ ಏನನ್ನು ಬದಲಿಸಬೇಕು ಎಂದು ಕೇಳುವವರು ಕಡಿಮೆ. ಟಿಕೋರಾ ಪರೀಕ್ಷೆಗೆ ಒಡ್ಡಿದ್ದು ಇದನ್ನೇ. ಅದರಲ್ಲಿ ದೋಷಗಳಿವೆ, ಕೆಲವು ಸಣ್ಣವೂ ಅಲ್ಲ. ಆದರೂ ಭಾರತದಂಥ ದೇಶಕ್ಕೆ ಕಳೆದ ಐವತ್ತು ವರ್ಷಗಳ ಸಂಧಿವಾತ ಸಂಶೋಧನೆಯಲ್ಲಿ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಲೇಖನ ಇನ್ನೊಂದನ್ನು ತೋರಿಸುವುದು ಕಷ್ಟ.

ರುಮಟಾಯ್ಡ್ ಸಂಧಿವಾತ ವಯಸ್ಸಾದವರ ಮಂಡಿನೋವಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುವ ಕಾಯಿಲೆ ಇದು. ಪೊರೆ ಊದಿಕೊಳ್ಳುತ್ತದೆ, ದಪ್ಪಗಾಗುತ್ತದೆ, ಕೊನೆಗೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಮೂವತ್ತು, ನಲವತ್ತರ ಹರೆಯದಲ್ಲೇ ಶುರುವಾಗುವುದು ಸಾಮಾನ್ಯ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಕುಕ್ಕರಿನ ಮುಚ್ಚಳ ತಿರುಗಿಸಲು, ಸೀರೆಯ ನೆರಿಗೆ ಹಿಡಿಯಲು, ಬಾಗಿಲ ಚಿಲಕ ಎಳೆಯಲು ಕೈ ಕೇಳುವುದಿಲ್ಲ. ಒಂದೆರಡು ಗಂಟೆ ಕಳೆದ ಮೇಲೆ ಕೊಂಚ ಸಡಿಲ. ದೆಹಲಿ ಸಮೀಪದ ಹಳ್ಳಿಗಳಲ್ಲಿ ಡಾ. ಎ.ಎನ್. ಮಾಳವೀಯ ಮತ್ತು ಸಂಗಡಿಗರು ಮನೆಮನೆ ಸುತ್ತಿ ನಡೆಸಿದ, 1993ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 0.75ರಷ್ಟು ಜನಕ್ಕೆ ಈ ರೋಗವಿತ್ತು. ಸಾವಿರ ವಯಸ್ಕರಿರುವ ಹಳ್ಳಿಯಲ್ಲಿ ಏಳೆಂಟು ಜನ ಎಂದಾಯಿತು.

ಹಿಂದಿನ ಚಿಕಿತ್ಸೆ ಹೇಗಿತ್ತು ಎಂಬುದನ್ನು ನೆನೆಯದೆ ಗ್ಲಾಸ್ಗೋದ ಕೆಲಸದ ತೂಕ ತಿಳಿಯುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ತಂಡ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬಳಿಗೆ ಕಾರ್ಟಿಸೋನ್ ಕೊಟ್ಟಿತು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಎರಡೇ ವರ್ಷಗಳಲ್ಲಿ, 1950ರಲ್ಲಿ, ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ಪವಾಡದ ಬೆಲೆ ಬೇಗ ಗೊತ್ತಾಯಿತು. ಮುಖ ಊದುವುದು, ಮೂಳೆ ಸವೆಯುವುದು, ಸಕ್ಕರೆ ಏರುವುದು, ಸೋಂಕು ಅಂಟುವುದು, ಮದ್ದು ನಿಲ್ಲಿಸಿದ ಕೂಡಲೇ ರೋಗ ಮರಳುವುದು. ಅಲ್ಲಿಂದ ವೈದ್ಯಲೋಕ ಹೆದರಿಕೆಯ ಹಾದಿ ಹಿಡಿಯಿತು. ಮೊದಲು ಆಸ್ಪಿರಿನ್ ಮತ್ತು ವಿಶ್ರಾಂತಿ, ಆಮೇಲೆ ಬೇರೆ ನೋವು ನಿವಾರಕಗಳು, ಮೂಳೆ ಕೊರೆದದ್ದು ಎಕ್ಸ್‌ರೇಯಲ್ಲಿ ಕಂಡ ಮೇಲಷ್ಟೇ ಗಟ್ಟಿ ಔಷಧ. ಎಕ್ಸ್‌ರೇಯಲ್ಲಿ ಕಂಡ ಕೊರೆತ ಸಾಮಾನ್ಯವಾಗಿ ಹಿಂದಕ್ಕೆ ಹೋಗುವುದಿಲ್ಲ ಎಂಬುದು ಗೊತ್ತಿದ್ದೂ ದಶಕಗಳ ಕಾಲ ಇದೇ ಕ್ರಮ ನಡೆಯಿತು.

ಅದೇ ಹೊತ್ತಿನಲ್ಲಿ ಇನ್ನೊಂದು ಮದ್ದು ಮೂಲೆಯಲ್ಲಿ ಬಿದ್ದಿತ್ತು. ಆಂಧ್ರದ ಭೀಮಾವರದಲ್ಲಿ ಹುಟ್ಟಿ ಅಮೆರಿಕ ಸೇರಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಲೆಡರ್ಲೆ ಕಂಪನಿಯ ಪ್ರಯೋಗಾಲಯ ಅಮಿನಾಪ್ಟೆರಿನ್ ಮತ್ತು ಅದರ ಸೋದರ ಮೆಥೊಟ್ರೆಕ್ಸೇಟನ್ನು ತಯಾರಿಸಿತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ನನ್ನು ಮಕ್ಕಳ ರಕ್ತ ಕ್ಯಾನ್ಸರಿಗೆ ಬಳಸಿ ಹೆಸರಾದರು. 1951ರಲ್ಲೇ ರಿಚರ್ಡ್ ಗಬ್ನರ್ ಅದು ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಆಗಿಬರುತ್ತದೆ ಎಂದು ತೋರಿಸಿದರು. ಕಾರ್ಟಿಸೋನಿನ ಗದ್ದಲದಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೈಕಲ್ ವೈನ್‌ಬ್ಲಾಟ್ ತಂಡದ ಮೆಥೊಟ್ರೆಕ್ಸೇಟ್ ಪ್ರಯೋಗ 1985ರಲ್ಲಿ ಬಂತು, ಅಮೆರಿಕದ ಔಷಧ ಇಲಾಖೆ ಸಂಧಿವಾತಕ್ಕೆ ಮೆಥೊಟ್ರೆಕ್ಸೇಟನ್ನು ಒಪ್ಪಿದ್ದು 1988ರಲ್ಲಿ. 37 ವರ್ಷಗಳ ಈ ತಡದಲ್ಲಿ ಎಷ್ಟು ಕೈಗಳು ಸೊಟ್ಟಗಾದವೋ ಲೆಕ್ಕ ಇಟ್ಟವರಿಲ್ಲ. ಇಂದು ಜಗತ್ತಿನ ಎಲ್ಲ ಪ್ರಮುಖ ಮಾರ್ಗಸೂಚಿಗಳಲ್ಲಿ ಈ ರೋಗಕ್ಕೆ ಮೊದಲ ಮದ್ದು ಅದೇ.

ಇನ್ನು ಗ್ಲಾಸ್ಗೋಗೆ ಬರೋಣ. ಪ್ರಯೋಗಕ್ಕೆ ಸೇರಿದವರೆಲ್ಲ ರೋಗ ಶುರುವಾಗಿ ಐದು ವರ್ಷ ದಾಟದವರು, ರೋಗ ಜೋರಾಗಿದ್ದವರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರು ಎಂದಿನಂತೆ ಮೂರು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ವೈದ್ಯರು ತಮ್ಮ ಅನುಭವದಿಂದ ಅಂದಾಜು ಮಾಡಿ ಮದ್ದು ಬರೆಯುತ್ತಿದ್ದರು. ಇನ್ನೊಂದು ಗುಂಪಿನವರು ತಿಂಗಳಿಗೊಮ್ಮೆ, ಅದೇ ವೈದ್ಯರ ಮುಂದೆ ಕೂರುತ್ತಿದ್ದರು. ಪ್ರತಿ ಸಲವೂ ನೋಯುವ ಕೀಲು, ಊದಿದ ಕೀಲು, ರಕ್ತದ ಇಎಸ್ಆರ್, ರೋಗಿಯೇ ತನ್ನ ಸ್ಥಿತಿಗೆ ಕೊಟ್ಟ ಅಂಕ ಎಲ್ಲವನ್ನೂ ಸೇರಿಸಿ ‘ಡಾಸ್’ ಎಂಬ ಒಂದು ಸಂಖ್ಯೆ ತೆಗೆಯಲಾಗುತ್ತಿತ್ತು. ಸಂಖ್ಯೆ 2.4ಕ್ಕಿಂತ ಮೇಲಿದ್ದರೆ ಮದ್ದು ಏರಲೇಬೇಕು. ‘ನೋಡೋಣ, ಮುಂದಿನ ತಿಂಗಳು ಬನ್ನಿ’ ಎನ್ನಲು ಅವಕಾಶವಿರಲಿಲ್ಲ.

ಏರುವ ಮೆಟ್ಟಿಲುಗಳೂ ಮೊದಲೇ ಬರೆದಿಟ್ಟವು. ಮೊದಲು ಸಲ್ಫಸಲಜೀನ್. ಸಾಲದಿದ್ದರೆ ಅದರ ಜೊತೆಗೆ ಮೆಥೊಟ್ರೆಕ್ಸೇಟ್ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್. ಆಗಲೂ ಸಾಲದಿದ್ದರೆ ಮೂರರ ಪ್ರಮಾಣವೂ ಹೆಚ್ಚಳ, ಆಮೇಲೆ ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್, ಆಮೇಲೆ ಸೈಕ್ಲೋಸ್ಪೋರಿನ್. ಊದಿದ ಕೀಲು ಕಂಡಲ್ಲಿ ಅಲ್ಲೇ, ಆಗಲೇ, ಸ್ಟೀರಾಯ್ಡ್ ಸೂಜಿ. ಈ ಪಟ್ಟಿಯಲ್ಲಿ ಸಲ್ಫಸಲಜೀನ್ ಸ್ವೀಡನ್ನಿನ ನಾನಾ ಸ್ವಾರ್ಟ್ಸ್ 1930ರ ದಶಕದ ಕೊನೆಯಲ್ಲಿ ಕಂಡುಕೊಂಡದ್ದು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಲೇರಿಯಾದ ಮದ್ದಾಗಿ ಹುಟ್ಟಿದ್ದು. ಅಷ್ಟು ಹೊತ್ತಿಗೆ ಮಾರುಕಟ್ಟೆಗೆ ಬಂದಿದ್ದ ದುಬಾರಿ ಜೈವಿಕ ಔಷಧಗಳನ್ನು ಯಾರೂ ಮುಟ್ಟಲಿಲ್ಲ.

ಫಲಿತಾಂಶದಲ್ಲಿ ರೆಮಿಷನ್ ಅಂಕಿಯಷ್ಟೇ ಮುಖ್ಯವಾದದ್ದು ಎಕ್ಸ್‌ರೇ. ಮೂಳೆ ಕೊರೆತದ ಅಂಕ ಹದಿನೆಂಟು ತಿಂಗಳಲ್ಲಿ ಎಂದಿನ ಗುಂಪಿನಲ್ಲಿ 3ರಷ್ಟು ಏರಿದರೆ, ತಿಂಗಳಿಗೊಮ್ಮೆ ಬಂದವರಲ್ಲಿ ಏರಿದ್ದು 0.5. ನೋವು ಕಡಿಮೆಯಾಯಿತೆಂದು ರೋಗಿ ಹೇಳುವುದರಲ್ಲಿ ಮನಸ್ಸಿನ ಪಾತ್ರ ಇರಬಹುದು. ಮೂಳೆಗೆ ಅಂಥ ಮುಲಾಜು ಇಲ್ಲ. ಒಟ್ಟು ಖರ್ಚು ಹೆಚ್ಚಾಗಲಿಲ್ಲ ಎಂಬುದು ಲೇಖನದ ಇನ್ನೊಂದು ತೀರ್ಮಾನ. ಹೊರರೋಗಿ ಭೇಟಿಗೆ ಹೆಚ್ಚು ಹಣ ಹೋದರೂ ಆಸ್ಪತ್ರೆಗೆ ದಾಖಲಾಗುವುದು ತಗ್ಗಿ ಲೆಕ್ಕ ಸರಿದೂಗಿತ್ತು.

ಈಗ ಕುಂದುಗಳ ಮಾತು. ಮೊದಲನೆಯದು, ಈ ಪ್ರಯೋಗದಲ್ಲಿ ಯಾರಿಗೆ ಏನು ಸಿಗುತ್ತಿದೆ ಎಂಬುದು ಅಂಕ ಹಾಕುವವರಿಗಷ್ಟೇ ಗೊತ್ತಿರಲಿಲ್ಲ. ರೋಗಿಗೂ ಚಿಕಿತ್ಸೆ ಕೊಡುವ ವೈದ್ಯರಿಗೂ ಗೊತ್ತಿತ್ತು. ತಿಂಗಳಿಗೊಮ್ಮೆ ಅದೇ ವೈದ್ಯರು ಹೆಸರು ಹಿಡಿದು ಕರೆದು, ಕೈ ಹಿಡಿದು, ಬೆರಳು ಬೆರಳು ಒತ್ತಿ ನೋಡಿದರೆ ಯಾರಿಗಾದರೂ ಅರ್ಧ ನೋವು ಇಳಿದಂತೆ ಅನಿಸುತ್ತದೆ. ಡಾಸ್ ಅಂಕದಲ್ಲಿ ರೋಗಿಯ ಅನಿಸಿಕೆಯೂ ಸೇರಿರುವುದರಿಂದ ಆ ಆರೈಕೆಯ ಗುಣ ಸಂಖ್ಯೆಯೊಳಗೂ ನುಗ್ಗಿರುತ್ತದೆ.

ಎರಡನೆಯದು ಇನ್ನೂ ದೊಡ್ಡದು. ಗ್ಲಾಸ್ಗೋ ತಂಡ ಹಲವು ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿತು. ಹೆಚ್ಚು ಭೇಟಿ, ಗೊತ್ತಾದ ಗುರಿ, ಬರೆದಿಟ್ಟ ಮೆಟ್ಟಿಲು, ಧಾರಾಳವಾಗಿ ಕೀಲಿಗೆ ಚುಚ್ಚಿದ ಸ್ಟೀರಾಯ್ಡ್. ಗೆದ್ದದ್ದು ಇವುಗಳಲ್ಲಿ ಯಾವುದು? ಗುರಿ ಇಲ್ಲದೆ ಬರೀ ತಿಂಗಳ ಭೇಟಿ ಇದ್ದಿದ್ದರೆ? ಸೂಜಿ ಇಲ್ಲದೆ ಬರೀ ಮಾತ್ರೆ ಇದ್ದಿದ್ದರೆ? ಲೇಖನ ಉತ್ತರಿಸುವುದಿಲ್ಲ, ಉತ್ತರಿಸುವ ಹಾಗೆ ಅದನ್ನು ಕಟ್ಟಿಯೂ ಇಲ್ಲ. ಐದು ವರ್ಷದೊಳಗಿನ ರೋಗಿಗಳನ್ನಷ್ಟೇ ಆರಿಸಿದ್ದರಿಂದ, ಇಪ್ಪತ್ತು ವರ್ಷ ನರಳಿ ಬೆರಳು ವಕ್ರವಾದವರಿಗೆ ಇದು ಎಷ್ಟು ಅನ್ವಯಿಸುತ್ತದೆ ಎಂಬುದೂ ಅಲ್ಲಿಲ್ಲ. ಕೀಲುಗಳ ನಡುವಿನ ಅಂತರ ಕುಗ್ಗುವುದರಲ್ಲಿ, ಅಂದರೆ ಮೃದ್ವಸ್ಥಿಯ ಸವೆತದಲ್ಲಿ, ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಶೇ 65ರ ಉತ್ಸಾಹದಲ್ಲಿ ಈ ಸಾಲನ್ನು ಹಲವರು ಓದಿಯೇ ಇಲ್ಲ.

ಇಷ್ಟೆಲ್ಲ ಇದ್ದರೂ ಟಿಕೋರಾ ಬಿದ್ದುಹೋಗದಿರಲು ಕಾರಣ, ಅದರ ಸುತ್ತ ನಿಂತ ಬೇರೆ ದೇಶಗಳ ಸಾಕ್ಷಿ. 1996ರಲ್ಲಿ ಅಮೆರಿಕದ ನೆಬ್ರಾಸ್ಕಾದ ಜೇಮ್ಸ್ ಓ’ಡೆಲ್ 102 ರೋಗಿಗಳಲ್ಲಿ ಅದೇ ಮೂರು ಹಳೆಯ ಮದ್ದುಗಳನ್ನು ಒಟ್ಟಿಗೆ ಕೊಟ್ಟು ನೋಡಿದ್ದರು. ಎರಡು ವರ್ಷಗಳಲ್ಲಿ ರೋಗ ಅರ್ಧಕ್ಕಿಳಿದವರು ಮೂರೂ ಮದ್ದು ಪಡೆದವರಲ್ಲಿ ಶೇ 77, ಮೆಥೊಟ್ರೆಕ್ಸೇಟ್ ಒಂದನ್ನೇ ಪಡೆದವರಲ್ಲಿ ಶೇ 33. ಫಿನ್ಲೆಂಡಿನಲ್ಲಿ 195 ರೋಗಿಗಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮದ್ದುಗಳನ್ನು ಕೂಡಿಸಿ ಕೊಟ್ಟಾಗ ಎರಡನೆಯ ವರ್ಷದ ರೆಮಿಷನ್ ಶೇ 37, ಒಂದೊಂದಾಗಿ ಕೊಟ್ಟಾಗ ಶೇ 18. ನೆದರ್ಲೆಂಡ್ಸಿನ ‘ಬೆಸ್ಟ್’ ಅಧ್ಯಯನ 508 ಜನರನ್ನು ನಾಲ್ಕು ಬಗೆಯ ಚಿಕಿತ್ಸೆಗೆ ಹಂಚಿ, ಎಲ್ಲರಿಗೂ ಒಂದೇ ಗುರಿ ಇಟ್ಟು, ಮೂರು ತಿಂಗಳಿಗೊಮ್ಮೆ ಅಳೆದು ಮದ್ದು ಬದಲಿಸುತ್ತಾ ಹೋಯಿತು. ಮೊದಲ ವರ್ಷ ಕೆಲವು ಗುಂಪುಗಳು ಮುಂದಿದ್ದವು. ವರ್ಷಗಳು ಕಳೆದಂತೆ ಎಲ್ಲ ಗುಂಪುಗಳೂ ಹತ್ತಿರ ಹತ್ತಿರ ಬಂದು ನಿಂತವು. ಯಾವ ಮದ್ದಿನಿಂದ ಹೊರಟರೂ ಗುರಿ ಬಿಡದೆ ಅಳೆಯುತ್ತಾ ಹೋದವರು ಹೆಚ್ಚುಕಡಿಮೆ ಒಂದೇ ಜಾಗ ಸೇರಿದರು. ಇವೆಲ್ಲವನ್ನೂ ಮುಂದಿಟ್ಟುಕೊಂಡು ವಿಯೆನ್ನಾದ ಯೋಸೆಫ್ ಸ್ಮೋಲನ್ ನೇತೃತ್ವದ ಅಂತರರಾಷ್ಟ್ರೀಯ ತಂಡ 2010ರಲ್ಲಿ ‘ಗುರಿ ಇಟ್ಟು ಚಿಕಿತ್ಸೆ’ ಎಂಬ ಶಿಫಾರಸನ್ನು ಹೊರತಂದಿತು.

ಜೈವಿಕ ಔಷಧಗಳನ್ನು ಹಗುರವಾಗಿ ಕಾಣುವುದು ಇದರ ಅರ್ಥವಲ್ಲ. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನ ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಇಪ್ಪತ್ತು ರೋಗಿಗಳಿಗೆ ಟಿಎನ್ಎಫ್ ಎಂಬ ಉರಿಯೂತದ ರಾಸಾಯನಿಕವನ್ನು ತಡೆಯುವ ಪ್ರತಿಕಾಯ ಕೊಟ್ಟದ್ದು ವೈದ್ಯಕೀಯದ ದೊಡ್ಡ ತಿರುವು. ಮೆಥೊಟ್ರೆಕ್ಸೇಟಿಗೆ ಬಗ್ಗದ ರೋಗ ಅದರಿಂದ ಬಗ್ಗಿತು. ಸಾವಿರಾರು ಜನ ಮತ್ತೆ ಕೆಲಸಕ್ಕೆ ಹೋದರು. ಇದೇ ಬಗೆಯ ಮದ್ದಾದ ಅಡಲಿಮುಮ್ಯಾಬ್‌ನ ಮೊದಲ ಅಗ್ಗದ ಪ್ರತಿರೂಪ 2014ರ ಡಿಸೆಂಬರಿನಲ್ಲಿ ಬಿಡುಗಡೆಯಾದದ್ದು ಭಾರತದಲ್ಲೇ, ಅಹಮದಾಬಾದಿನ ಜೈಡಸ್ ಕಂಪನಿಯಿಂದ. ಆದರೆ ಶುರುವಿನಲ್ಲೇ ಜೈವಿಕ ಔಷಧ ಕೊಟ್ಟರೆ ಹೆಚ್ಚುವರಿ ಲಾಭ ಎಷ್ಟು ಎಂದು ನೋಡಿದಾಗ ಚಿತ್ರ ಸಾಧಾರಣ. ನಾರ್ಡಿಕ್ ದೇಶಗಳು ಮತ್ತು ನೆದರ್ಲೆಂಡ್ಸ್ ಸೇರಿ ನಡೆಸಿದ ‘ನಾರ್ಡ್‌ಸ್ಟಾರ್’ ಪ್ರಯೋಗದಲ್ಲಿ 812 ಹೊಸ ರೋಗಿಗಳಿದ್ದರು. 24 ವಾರಗಳ ಕೊನೆಗೆ ಹಳೆಯ ಮದ್ದು ಮತ್ತು ಸ್ಟೀರಾಯ್ಡ್ ಪಡೆದವರಲ್ಲಿ ಶೇ 42.7 ಜನ ರೆಮಿಷನ್ ಮುಟ್ಟಿದ್ದರೆ, ಮೂರು ಬಗೆಯ ಜೈವಿಕ ಔಷಧ ಪಡೆದವರಲ್ಲಿ ಆ ಪ್ರಮಾಣ ಶೇ 46.5, 52.0 ಮತ್ತು 42.1. ಬೆಲೆಯ ಅಂತರಕ್ಕೂ ಫಲದ ಅಂತರಕ್ಕೂ ಇರುವ ದೂರ ಕಣ್ಣಿಗೆ ರಾಚುತ್ತದೆ. ಕ್ಷಯ ಅಡಗಿ ಕುಳಿತಿರುವ ನಮ್ಮಂಥ ದೇಶದಲ್ಲಿ ಇನ್ನೊಂದು ಭಯವೂ ಇದೆ. ಟಿಎನ್ಎಫ್ ತಡೆಯುವ ಇನ್ಫ್ಲಿಕ್ಸಿಮ್ಯಾಬ್ ಪಡೆದ 70 ಜನರಲ್ಲಿ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲೇ ಬಂದಿತ್ತು. ನುಂಗುವ ಹೊಸ ಮದ್ದು ಟೊಫಾಸಿಟಿನಿಬ್‌ನ ವಿಷಯದಲ್ಲೂ, ಐವತ್ತು ದಾಟಿದ, ಹೃದಯದ ಅಪಾಯವಿರುವವರಲ್ಲಿ ಹೃದಯಾಘಾತ ಮತ್ತು ಕ್ಯಾನ್ಸರಿನ ಭೀತಿ ಹೆಚ್ಚೆಂದು ತಿಳಿದು ಅಮೆರಿಕದ ಔಷಧ ಇಲಾಖೆ 2021ರಲ್ಲಿ ಎಚ್ಚರಿಕೆಯನ್ನು ಬಿಗಿ ಮಾಡಿತು.

ಟಿಕೋರಾದ ಅತ್ಯಂತ ಸೂಕ್ಷ್ಮ ಜಾಗ ‘ರೆಮಿಷನ್’ ಅಳೆಯುವ ಬಗೆ. ಗ್ಲಾಸ್ಗೋದವರು ಬಳಸಿದ ಮೂಲ ಡಾಸ್ 44 ಕೀಲುಗಳ ಊತ ನೋಡುತ್ತಿತ್ತು, ಪಾದದ ಕೀಲುಗಳೂ ಅದರಲ್ಲಿದ್ದವು. ಅಂಕ 1.6ಕ್ಕಿಂತ ಕೆಳಗಿಳಿದರೆ ರೆಮಿಷನ್. ಮುಂದೆ ಹೊರರೋಗಿ ವಿಭಾಗದ ಗಡಿಬಿಡಿಗೆ ಅನುಕೂಲವಾಗಲೆಂದು ಅದು 28 ಕೀಲುಗಳ ಡಾಸ್ ಆಯಿತು. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡೂ ಕೈಗಳ ಹತ್ತು ಬೆರಳುಬುಡ, ಹತ್ತು ನಡುಗೆಣ್ಣು, ಎರಡು ಮಂಡಿ. ವೈದ್ಯರು ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತುತ್ತಾರೆ, ತಮ್ಮ ಉಗುರಿನ ಕೆಳಗಿನ ಕೆಂಪು ಬಿಳಿಚುವಷ್ಟು. ನೋವಿದೆಯೇ ಎಂದು ಕೇಳುತ್ತಾರೆ, ಊತವನ್ನು ಎರಡು ಬೆರಳಿನ ನಡುವೆ ಹಿಡಿದು ನೋಡುತ್ತಾರೆ. ಅಭ್ಯಾಸವಿದ್ದವರಿಗೆ ಕೆಲವೇ ನಿಮಿಷದ ಕೆಲಸ. ಆದರೆ ಪಾದ ಪಟ್ಟಿಯಿಂದಲೇ ಬಿಟ್ಟುಹೋಯಿತು! ರೋಗ ಎಷ್ಟೋ ಜನರಲ್ಲಿ ಶುರುವಾಗುವುದೇ ಕಾಲ್ಬೆರಳ ಬುಡದಲ್ಲಿ. ಬರಿಗಾಲಲ್ಲಿ ಅಂಗಳ ಗುಡಿಸುವ, ಗದ್ದೆಗಿಳಿಯುವ ಹೆಂಗಸಿನ ಪಾದ ಉರಿಯುತ್ತಿರುವಾಗಲೂ ಕಾಗದದ ಮೇಲೆ ಆಕೆ ರೆಮಿಷನ್‌ನಲ್ಲಿರಬಹುದು. ಇದು ಅನುಕೂಲಕ್ಕಾಗಿ ಮಾಡಿಕೊಂಡ ರಾಜಿ, ಮತ್ತು ಕೆಟ್ಟ ರಾಜಿ.

ಇನ್ನೊಂದು ತೊಡಕೂ ಇದೆ. ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್ಆರ್ ಅಥವಾ ಸಿಆರ್‌ಪಿ ಅಂಕಕ್ಕೆ ಡಾಸ್ ಬಹಳ ತೂಕ ಕೊಡುತ್ತದೆ. ಟೊಸಿಲಿಝುಮ್ಯಾಬ್‌ನಂಥ ಜೈವಿಕ ಮದ್ದು ಯಕೃತ್ತು ಸಿಆರ್‌ಪಿ ತಯಾರಿಸುವುದನ್ನೇ ತಡೆಯುವುದರಿಂದ, ಕೀಲು ಇನ್ನೂ ಊದಿದ್ದರೂ ಅಂಕ ಕೆಳಗೆ ಬೀಳುತ್ತದೆ. ಇದನ್ನೆಲ್ಲ ಕಂಡು ಅಮೆರಿಕ ಮತ್ತು ಯುರೋಪಿನ ಸಂಘಟನೆಗಳು 2011ರಲ್ಲಿ ಕಟ್ಟುನಿಟ್ಟಿನ ವ್ಯಾಖ್ಯೆ ತಂದವು. ನೋಯುವ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊದಿದ್ದೂ ಒಂದಕ್ಕಿಂತ ಹೆಚ್ಚಿರಬಾರದು, ಸಿಆರ್‌ಪಿ ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ರೋಗಿ ತನ್ನ ಸ್ಥಿತಿಗೆ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಅಂಕ ಕೊಟ್ಟಿರಬಾರದು. ಕೊನೆಯ ಷರತ್ತಿನಲ್ಲೇ ಬಹಳ ಜನ ಎಡವಿದರು. ಕೀಲು ತಣ್ಣಗಿದ್ದರೂ ಸುಸ್ತು, ನಿದ್ದೆಗೇಡಿತನ, ಖಿನ್ನತೆ, ಸೊಂಟನೋವು ಎಲ್ಲವೂ ಆ ಅಂಕದಲ್ಲಿ ಇಣುಕುತ್ತವೆ. 2022ರಲ್ಲಿ ಆ ಮಿತಿಯನ್ನು ಎರಡಕ್ಕೆ ಸಡಿಲಿಸಲಾಯಿತು. ಸಡಿಲಿಸಿದ್ದು ಸರಿ. ಸುಸ್ತಿಗೆ ಇನ್ನೊಂದು ಮದ್ದು ಸುರಿಯುವುದು ಚಿಕಿತ್ಸೆಯಲ್ಲ. ಹಾಗೆಂದು ಆ ಸುಸ್ತನ್ನು ಲೆಕ್ಕದಿಂದ ಹೊರಗಿಟ್ಟು ‘ನಿಮಗೇನೂ ಇಲ್ಲ’ ಎಂದು ಕಳಿಸುವುದೂ ಅನ್ಯಾಯ. ಕೀಲಿಗೆ ಒಂದು ಲೆಕ್ಕ, ಬದುಕಿಗೆ ಇನ್ನೊಂದು ಲೆಕ್ಕ ಇಡಬೇಕಾದ ಜಾಗ ಇದು.

ಹಾಗಾದರೆ ಸ್ಕ್ಯಾನ್ ಮಾಡಿ ಒಳಗಿನ ಉರಿಯೂತ ಪೂರ್ತಿ ಆರಿದೆಯೇ ಎಂದು ನೋಡಿದರೆ? ನಾರ್ವೆಯ ‘ಆರ್ಕ್‌ಟಿಕ್’ ಪ್ರಯೋಗ ಅದನ್ನೂ ಪರೀಕ್ಷಿಸಿತು. ಅಲ್ಟ್ರಾಸೌಂಡ್ ನೋಡಿ ಮದ್ದು ಏರಿಸಿದವರಿಗೂ ಕೈಯಿಂದ ಮುಟ್ಟಿ ನೋಡಿ ಏರಿಸಿದವರಿಗೂ ಫಲದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಒತ್ತಿ ನೋಡುವ ಹೆಬ್ಬೆರಳು ಸಾಕು. ಜಿಲ್ಲಾಸ್ಪತ್ರೆಯ ವೈದ್ಯರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರಿಲ್ಲ.

ರೆಮಿಷನ್ ಮುಟ್ಟಿದ ಮೇಲೆ ಪ್ರತಿ ರೋಗಿಯೂ ಕೇಳುವ ಪ್ರಶ್ನೆ ಒಂದೇ: ಮಾತ್ರೆ ಯಾವಾಗ ನಿಲ್ಲಿಸಬಹುದು? ಟಿಕೋರಾ ಈ ಪ್ರಶ್ನೆಯವರೆಗೂ ಹೋಗಲಿಲ್ಲ. ‘ಬೆಸ್ಟ್’ ಅಧ್ಯಯನದ ಹತ್ತು ವರ್ಷಗಳ ಕೊನೆಗೆ ಸುಮಾರು ಅರ್ಧ ಜನ ರೆಮಿಷನ್‌ನಲ್ಲಿದ್ದರು. ಮದ್ದೇ ಇಲ್ಲದೆ ಹಾಗಿದ್ದವರು ಶೇ 14ರಷ್ಟು. ನಾರ್ವೆಯವರು ಮುಂದುವರಿಸಿದ ಅಧ್ಯಯನದಲ್ಲಿ, ಒಂದು ವರ್ಷವಾದರೂ ಸತತ ರೆಮಿಷನ್‌ನಲ್ಲಿದ್ದವರ ಹಳೆಯ ಮದ್ದುಗಳನ್ನು ಅರ್ಧಕ್ಕಿಳಿಸಿದಾಗ ವರ್ಷದೊಳಗೆ ಶೇ 25 ಜನರಲ್ಲಿ ರೋಗ ಮತ್ತೆ ಕೆರಳಿತು. ಪೂರ್ತಿ ಪ್ರಮಾಣ ಮುಂದುವರಿಸಿದವರಲ್ಲಿ ಕೆರಳಿದ್ದು ಶೇ 6. ಟಿಎನ್ಎಫ್ ತಡೆಯುವ ಇಂಜೆಕ್ಷನ್ನನ್ನು ಇಳಿಸಿ ನಿಲ್ಲಿಸಿದವರಲ್ಲಂತೂ ಶೇ 63, ಮುಂದುವರಿಸಿದವರಲ್ಲಿ ಶೇ 5. ರಕ್ತದಲ್ಲಿ ಈ ರೋಗದ ಗುರುತಾದ ಆ್ಯಂಟಿ ಸಿಸಿಪಿ ಪ್ರತಿಕಾಯ ಇರುವವರಿಗೆ ಮರುಕಳಿಸುವ ಸಂಭವ ಹೆಚ್ಚು. ನೋವಿಲ್ಲವೆಂದು ತಾವಾಗಿಯೇ ಮಾತ್ರೆ ಬಿಡುವವರು ನಮ್ಮಲ್ಲಿ ಬಹಳ. ಅವರಿಗೆ ಹೇಳಬೇಕಾದ ಅಂಕಿಗಳು ಇವು. ನೋವಿಲ್ಲದಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತು. ಇಳಿಸುವುದಾದರೆ ಮೊದಲು ಸ್ಟೀರಾಯ್ಡ್, ಆಮೇಲೆ ದುಬಾರಿ ಇಂಜೆಕ್ಷನ್, ಕೊನೆಗೆ ಮೆಥೊಟ್ರೆಕ್ಸೇಟ್, ಅದೂ ವೈದ್ಯರ ಕಣ್ಗಾವಲಿನಲ್ಲಿ ಎನ್ನುವ ಕ್ರಮವನ್ನು ಅನುಭವಿಗಳು ಪಾಲಿಸುತ್ತಾರೆ.

ಗ್ಲಾಸ್ಗೋದ ಈ ವಿಧಾನ ಕರ್ನಾಟಕಕ್ಕೆ ಎಷ್ಟು ಹೊಂದುತ್ತದೆ? ಮದ್ದಿನ ಕೊರತೆ ಇಲ್ಲಿಲ್ಲ. ಟಿಕೋರಾದಲ್ಲಿ ಬಳಸಿದ ಮೂರೂ ಮೂಲ ಔಷಧಗಳು ಭಾರತದಲ್ಲೇ ತಯಾರಾಗುತ್ತವೆ. ಮೆಥೊಟ್ರೆಕ್ಸೇಟ್ ಮಾತ್ರೆ ಬಡವರ ಕೈಗೂ ಎಟಕುವ ಬೆಲೆಯದು. 2020ರ ಬೇಸಿಗೆಯಲ್ಲಿ ಕೋವಿಡ್ಡಿಗೆ ಆಗಿಬರುತ್ತದೆ ಎಂಬ ಆತುರದಲ್ಲಿ ಜನ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಂಡಿಟ್ಟುಕೊಂಡು ನಿಜವಾದ ರೋಗಿಗಳು ಅಂಗಡಿ ಅಂಗಡಿ ಅಲೆದ ದಿನಗಳನ್ನು ಬಿಟ್ಟರೆ, ಸರಬರಾಜು ಚೆನ್ನಾಗಿಯೇ ಇದೆ. ಕೊರತೆ ಇರುವುದು ತಿಂಗಳಿಗೊಮ್ಮೆ ಕೂತು ಎಣಿಸುವ ಕೈಗಳದ್ದು. ರುಮಟಾಲಜಿ ತಜ್ಞರು ಹೆಚ್ಚಾಗಿ ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲೇ ಇದ್ದಾರೆ. ರಾಯಚೂರು, ಯಾದಗಿರಿ ಕಡೆಯ ಹಳ್ಳಿಯವರಿಗೆ ಒಂದು ಭೇಟಿ ಎಂದರೆ ರಾತ್ರಿ ಬಸ್ಸು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ.

ಅಲ್ಲಿಗೆ ತಲುಪುವ ಮೊದಲೇ ಎಷ್ಟೋ ತಿಂಗಳು ಹೋಗಿರುತ್ತವೆ. 2006ರ ಚಿಕುನ್‌ಗುನ್ಯ ಹಾವಳಿ ಕಂಡ ರಾಜ್ಯ ಇದು. ಜ್ವರ ಬಿಟ್ಟು ತಿಂಗಳುಗಟ್ಟಲೆ ಕೀಲು ಹಿಡಿದದ್ದು ಜನರಿಗೆ ಚೆನ್ನಾಗಿ ನೆನಪಿದೆ. ಆದ್ದರಿಂದಲೇ ಕೈಬೆರಳು ಊದಿದರೆ ‘ಅದೇ ಜ್ವರದ್ದು, ಹೋಗುತ್ತದೆ’ ಎಂದು ಕಾಯುವುದು ಸುಲಭವಾಗಿಬಿಟ್ಟಿದೆ. ಆರು ವಾರ ದಾಟಿದ ಊತಕ್ಕೆ ಕಾಯುವ ಹಕ್ಕಿಲ್ಲ. ಇನ್ನು ಹೆಸರಿಲ್ಲದ ಪುಡಿ, ಮಾತ್ರೆಗಳು. ಎರಡೇ ದಿನದಲ್ಲಿ ನೋವು ಮಾಯ ಮಾಡುವ ಇಂಥ ಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. 1950ರ ದಶಕದಲ್ಲಿ ಜಗತ್ತು ಕಲಿತ ಪಾಠವನ್ನು ಆ ರೋಗಿ ತನ್ನ ಮೂಳೆಯ ಬೆಲೆ ತೆತ್ತು ಮತ್ತೆ ಕಲಿಯಬೇಕಾಗುತ್ತದೆ.

ಆಯುರ್ವೇದವನ್ನು ಈ ಪುಡಿಗಳ ಜೊತೆ ಸೇರಿಸುವುದು ತಪ್ಪು. ಕೊಯಮತ್ತೂರಿನಲ್ಲಿ 43 ರೋಗಿಗಳ ಮೇಲೆ ಆಯುರ್ವೇದ, ಮೆಥೊಟ್ರೆಕ್ಸೇಟ್ ಮತ್ತು ಎರಡೂ ಸೇರಿದ ಚಿಕಿತ್ಸೆಯನ್ನು, ಯಾರಿಗೆ ಯಾವುದೆಂದು ಗೊತ್ತಾಗದಂತೆ ಹೋಲಿಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೂರರಲ್ಲೂ ಫಲ ಹತ್ತಿರ ಹತ್ತಿರ ಇತ್ತು. ಪ್ರಾಮಾಣಿಕವಾದ, ಶ್ರಮದ ಕೆಲಸ. ಆದರೆ 43 ಜನ ಮೂರು ಗುಂಪಾದರೆ ಗುಂಪಿಗೆ ಹದಿನಾಲ್ಕರಷ್ಟು ಮಂದಿ. ಅಷ್ಟರ ಮೇಲೆ ನಿಂತು ಮೆಥೊಟ್ರೆಕ್ಸೇಟ್ ಬಿಡಿ ಎಂದು ಯಾರೂ ಹೇಳಬಾರದು. ದೊಡ್ಡ ಪ್ರಯೋಗಕ್ಕೆ ಅದು ಬಾಗಿಲು ತೆರೆದಿತ್ತು. ಯಾವ ಪದ್ಧತಿಯವರೇ ಇರಲಿ, ಕೀಲು ಎಣಿಸಿ ಬರೆದಿಡಲಿ ಎಂಬುದಷ್ಟೇ ಇಲ್ಲಿನ ಬೇಡಿಕೆ.

ತಜ್ಞರಿಲ್ಲದಲ್ಲಿ ಗ್ಲಾಸ್ಗೋ ಮಾದರಿ ಸಾಧ್ಯವೇ ಇಲ್ಲ ಎನ್ನುವ ವಾದವನ್ನು ಒಪ್ಪಬೇಕಾಗಿಲ್ಲ. ಆ ಮಾದರಿಯಲ್ಲಿ ತಜ್ಞರ ಬುದ್ಧಿ ಬೇಕಾದದ್ದು ರೋಗ ಗುರುತಿಸಲು ಮತ್ತು ಮೆಟ್ಟಿಲು ಬರೆದಿಡಲು. ಎಣಿಸಲು, ಕೂಡಲು, ಪಟ್ಟಿ ನೋಡಿ ‘ಏರಿಸಬೇಕು’ ಎಂದು ಗುರುತು ಹಾಕಲು ತರಬೇತಿ ಪಡೆದ ನರ್ಸ್ ಸಾಕು. ರಕ್ತಪರೀಕ್ಷೆಯೇ ಬೇಡದ ‘ಸಿಡಿಎಐ’ ಎಂಬ ಅಳತೆಯೂ ಇದೆ. ನೋಯುವ ಕೀಲು, ಊದಿದ ಕೀಲು, ರೋಗಿಯ ಅಂಕ, ವೈದ್ಯರ ಅಂಕ ನಾಲ್ಕನ್ನೂ ಕೂಡಿದರೆ ಮುಗಿಯಿತು. 2.8 ಅಥವಾ ಅದಕ್ಕಿಂತ ಕಡಿಮೆ ಬಂದರೆ ರೆಮಿಷನ್. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ತಿಂಗಳ ಅಳತೆ ನಡೆಯುವ ತಾಲ್ಲೂಕು ಆಸ್ಪತ್ರೆಯಲ್ಲಿ ಇದಕ್ಕೂ ಒಂದು ಕಾರ್ಡು ಇಡಲು ಅಡ್ಡಿಯಾಗುವಂಥದ್ದೇನೂ ಇಲ್ಲ.

ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕಾದ ಇನ್ನೊಂದು ಮಾತಿದೆ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಎರಡೂವರೆ ಮಿಲಿಗ್ರಾಮಿನ ಆರು ಮಾತ್ರೆ ಎಂದರೆ ವಾರದಲ್ಲಿ ಒಂದೇ ದಿನ ಆರೂ ಮಾತ್ರೆ, ದಿನಕ್ಕೊಂದರಂತೆ ಅಲ್ಲ. ದಿನವೂ ನುಂಗಿ ಬಾಯಿ ಹುಣ್ಣಾಗಿ, ಬಿಳಿರಕ್ತಕಣ ಕುಸಿದು ಪ್ರಾಣಕ್ಕೆ ಬಂದ ಪ್ರಕರಣಗಳು ಭಾರತವೂ ಸೇರಿ ಹಲವು ದೇಶಗಳಲ್ಲಿ ದಾಖಲಾಗಿವೆ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ ಬೇಕು. ರಕ್ತ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸುವಂತಿಲ್ಲ. ಮಗುವಿಗಾಗಿ ಯೋಚಿಸುತ್ತಿರುವವರು ಮೊದಲೇ ವೈದ್ಯರಿಗೆ ಹೇಳಬೇಕು, ಈ ಮದ್ದನ್ನು ಕೆಲವು ತಿಂಗಳು ಮುಂಚೆಯೇ ನಿಲ್ಲಿಸಬೇಕಾಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಸಲಜೀನ್ ಗರ್ಭಿಣಿಯರಿಗೂ ಕೊಡಬಹುದಾದವು, ಆದ್ದರಿಂದ ದಾರಿ ಮುಚ್ಚಿಲ್ಲ.

ಒಟ್ಟಾರೆ ಟಿಕೋರಾ ಸಣ್ಣ ಪ್ರಯೋಗ. ಅದರ ಶೇ 65 ಎಂಬ ಅಂಕಿಯನ್ನು ಎಲ್ಲ ಊರಿನ ಎಲ್ಲ ರೋಗಿಗಳಿಗೂ ಭರವಸೆಯಾಗಿ ಕೊಡುವಂತಿಲ್ಲ. ಯಾವ ಭಾಗದಿಂದ ಎಷ್ಟು ಲಾಭ ಎಂಬ ಲೆಕ್ಕವನ್ನೂ ಅದು ಬಿಡಿಸಲಿಲ್ಲ. ಆದರೆ ಹಳೆಯ ಮದ್ದನ್ನು ಅರೆಮನಸ್ಸಿನಿಂದ ಕೊಟ್ಟು, ಸೋತಿತೆಂದು ಹೆಸರಿಟ್ಟು, ಹೊಸದಕ್ಕೆ ಜಿಗಿಯುವ ಅಭ್ಯಾಸಕ್ಕೆ ಅದಕ್ಕಿಂತ ಗಟ್ಟಿ ಉತ್ತರ ಇನ್ನೂ ಬಂದಿಲ್ಲ. ಈ ರೋಗವಿರುವವರು, ಅವರ ಮನೆಯವರು ಮುಂದಿನ ಭೇಟಿಯಲ್ಲಿ ವೈದ್ಯರನ್ನು ಮೂರು ಮಾತು ಕೇಳಲಿ: ಇವತ್ತು ನನ್ನ ಅಂಕ ಎಷ್ಟು? ಅದು ಎಷ್ಟಕ್ಕೆ ಇಳಿಯಬೇಕು? ಮೂರು ತಿಂಗಳಲ್ಲಿ ಇಳಿಯದಿದ್ದರೆ ಏನು ಬದಲಿಸುತ್ತೀರಿ? ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿಕೊಂಡು ಬರಲಿ, ಮತ್ತು ಪಾದವನ್ನೂ ತೋರಿಸಿ ಬರಲಿ.